ಎಂಟನೇ ನಂಬರಿನ ಬೆನ್ನ ಹಿಂದೆ

ಬಟ್ಟೆ ಗಿರಣಿಯ ದಾಖಲೆಯ ಪ್ರಕಾರ ಸೂಜಿ ಇಪ್ಪತ್ತನೇ ವಯಸ್ಸಿನಲ್ಲೇ ಸತ್ತುಹೋದ. ಭಾನುವಾರ, ಸಂಜೆ ನಾಲ್ಕು ಹತ್ತು, ಬಾಯ್ಲರ್ ಮನೆ, ಹಬೆ ಕೊಳವೆ ಒಡೆದು ಸಾವು ಎಂದು ನೀಲಿ ಶಾಯಿಯಲ್ಲಿ ದುಂಡಗೆ ಬರೆದಿತ್ತು. ಆ ಸಾಲನ್ನು ಹೊಡೆದುಹಾಕಲು ಗಿರಣಿಯವರಿಗೆ ಮೂರು ತಿಂಗಳು ಬೇಕಾಯಿತು. ಅಷ್ಟೂ ದಿನ ಸತ್ತವನು ಬುತ್ತಿ ಹಿಡಿದು ಕೆಲಸಕ್ಕೆ ಹೋದ, ವಾರಕ್ಕೊಂದು ಪಂದ್ಯ ಆಡಿದ, ಒಂದು ಗೋಲನ್ನೂ ಹೊಡೆದ. ಆಮೇಲೆ ಅದೇ ಗಿರಣಿಯ ಫುಟ್‌ಬಾಲ್ ತಂಡದ ನಟ್ಟನಡುವೆ ಹದಿನೆಂಟು ವರ್ಷ ಆಡಿದ.

ಅವನ ಹುಟ್ಟುಹೆಸರು ಅವನ ಅಮ್ಮನಿಗೆ ಮತ್ತು ಸಂಬಳದ ಗುಮಾಸ್ತನಿಗೆ ಮಾತ್ರ ಗೊತ್ತಿತ್ತು. ಉಳಿದವರಿಗೆ ಅವನು ಸೂಜಿ. ಮೈ ಸಣಕಲು, ಎದುರಾಳಿಗಳ ಕಾಲುಗಳ ನಡುವೆ ಇರುವೆ ನುಸುಳುವಷ್ಟು ಜಾಗ ಸಿಕ್ಕರೂ ಅದರಲ್ಲಿ ಚೆಂಡು ಪೋಣಿಸುತ್ತಿದ್ದ. ಪೂರ್ತಿ ಆಟಗಾರನೂ ಅಲ್ಲ, ಪೂರ್ತಿ ಕೆಲಸಗಾರನೂ ಅಲ್ಲ. ಬೆಳಿಗ್ಗೆ ಬಾಯ್ಲರಿಗೆ ಕಲ್ಲಿದ್ದಲು ಎಸೆಯುವುದು, ಮಧ್ಯಾಹ್ನದ ಮೇಲೆ ಬೂಟು ಕಟ್ಟಿಕೊಂಡು ಮೈದಾನಕ್ಕೆ ಓಡುವುದು. ಅರ್ಧ ಕೂಲಿ ಕೈಗೆ, ಅರ್ಧ ಕೂಲಿ ಕಾಲಿಗೆ ಎಂದು ಅವನೇ ಹೇಳಿಕೊಂಡು ನಗುತ್ತಿದ್ದ.

ಆ ತಂಡದಲ್ಲಿ ಒಂದು ಪದ್ಧತಿ ಇತ್ತು. ಪಂದ್ಯದ ದಿನ ಆಡುವವನಿಗೆ ಪಾಳಿ ಬಿದ್ದರೆ, ಆ ಸಲ ತಂಡದಲ್ಲಿ ಜಾಗ ಸಿಗದವನು ಅವನ ಪಾಳಿ ಮಾಡಬೇಕು. ಗೇಟಿನ ಯಂತ್ರದಲ್ಲಿ ತನ್ನದಲ್ಲ, ಆಡುವವನ ಕಾರ್ಡನ್ನೇ ಒತ್ತಬೇಕು. ಕಾಗದದ ಮೇಲೆ ಆಡುವವನು ಕೆಲಸದಲ್ಲಿರುತ್ತಿದ್ದ, ಕೆಲಸದಲ್ಲಿದ್ದವನು ಮನೆಯಲ್ಲಿರುತ್ತಿದ್ದ. ಮೇಲಿನವರಿಗೆ ಇದು ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇದ್ದರು. ಟೈಂ ಆಫೀಸಿನ ಹಿರಿಯ ಗುಮಾಸ್ತನೇ ತಂಡದ ಮ್ಯಾನೇಜರ್. ಬೇಲಿಯೇ ಎದ್ದು ಹೊಲ ಮೇಯುವಾಗ ಕಾಯುವವರು ಯಾರು?

ಸೂಜಿಗಿಂತ ಮೊದಲು ಎಂಟನೇ ನಂಬರಿನ ಅಂಗಿ ಮೇಸ್ತ್ರಿಯದ್ದು. ಬಣ್ಣ ಹಾಕುವ ವಿಭಾಗದ ಮೇಸ್ತ್ರಿ, ಮೈದಾನದಲ್ಲೂ ಮೇಸ್ತ್ರಿಯೇ. ಹದಿನಾಲ್ಕು ವರ್ಷ ಆ ಅಂಗಿ ತೊಟ್ಟವನು. ನಡುವಿನ ಆಟಗಾರನಿಗೆ ಚೆಂಡು ಬರುವುದು ಅವನು ಎದುರಾಳಿಗೆ ಬೆನ್ನು ಕೊಟ್ಟು ನಿಂತಿರುವಾಗ. ಹಿಂದಿನಿಂದ ಯಾರು ಬಂದು ಕಾಲು ಹಾಕುತ್ತಾರೋ ಕಾಣುವುದಿಲ್ಲ. ಆಗ ಜೊತೆಯವನೊಬ್ಬ ಕೂಗಿ ಹೇಳಬೇಕು. ಮೇಸ್ತ್ರಿಯ ಕೂಗು ಮೂರೇ: ಹಿಂದೆ ಬಂದ, ತಿರುಗು, ಬಿಡು. ಅಭ್ಯಾಸದಲ್ಲಿ ಅವನು ಈ ಮೂರನ್ನೇ ಕೂಗಿ ಕೂಗಿ ಸೂಜಿಯನ್ನು ತಯಾರು ಮಾಡಿದ. ತನ್ನ ಜಾಗಕ್ಕೇ ತಯಾರು ಮಾಡುತ್ತಿದ್ದೇನೆ ಎಂದು ಅವನಿಗೆ ಹೊಳೆಯುವ ಹೊತ್ತಿಗೆ ಮ್ಯಾನೇಜರ್ ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿಯಾಗಿತ್ತು. ಭಾನುವಾರದ ಪಂದ್ಯಕ್ಕೆ ಎಂಟನೇ ನಂಬರು ಸೂಜಿಗೆ.

ಆ ಭಾನುವಾರ ಸೂಜಿಗೆ ಬಾಯ್ಲರ್ ಮನೆಯ ಪಾಳಿ ಇತ್ತು. ಮೇಸ್ತ್ರಿ ಗೇಟಿನ ಹತ್ತಿರ ಕೈಚಾಚಿ ಕಾರ್ಡು ಇಸಿದುಕೊಂಡ. ಮುಖ ಗಂಟಿಕ್ಕಿತ್ತು. "ಮೊದಲರ್ಧ ಗಾಬರಿ ಆಗುತ್ತೆ. ಎರಡನೇ ಅರ್ಧ ಸರಿಹೋಗುತ್ತೆ. ಹೋಗು," ಎಂದ. ಅವರಿಬ್ಬರೂ ಮುಖಾಮುಖಿ ಆಡಿದ ಕೊನೆಯ ಮಾತು ಅದು.

ಮೊದಲರ್ಧದಲ್ಲಿ ಸೂಜಿಯ ಆಟ ನೋಡಿದವರು ಹಣೆ ಚಚ್ಚಿಕೊಂಡರು. ಮುಟ್ಟಿದ ಚೆಂಡೆಲ್ಲ ಎದುರಾಳಿಗೆ. ಎರಡನೇ ಅರ್ಧ ಶುರುವಾಗಿ ಹತ್ತು ನಿಮಿಷಕ್ಕೆ, ಚೆಂಡು ಅವನ ಕಡೆ ಉರುಳಿ ಬರುತ್ತಿರುವಾಗ, ಬೆನ್ನ ಹಿಂದೆ ಮೇಸ್ತ್ರಿಯ ದನಿ ಕೇಳಿಸಿತು. "ತಿರುಗು." ಯೋಚಿಸಲು ಎಲ್ಲಿ ಪುರುಸೊತ್ತು? ತಿರುಗಿದ. ಎದುರಿಗೆ ಮೈದಾನ ಖಾಲಿ ಬಿದ್ದಿತ್ತು. ಚೆಂಡನ್ನು ಮುಂದೆ ತಳ್ಳಿದ, ಗೋಲಾಯಿತು. ಜನ ಹೋ ಎನ್ನುವ ಗದ್ದಲದ ನಡುವೆಯೇ ಮೈಲು ದೂರದ ಗಿರಣಿಯ ಕಡೆಯಿಂದ ದಪ್ಪನೆಯ ಒಂದು ಸದ್ದು ಬಂತು. ಲಾರಿ ಟೈರು ಸಿಡಿದಿರಬೇಕು ಎಂದರು. ಮೊದಲು ದನಿ, ಆಮೇಲೆ ಸದ್ದು. ಈ ಕ್ರಮವನ್ನು ಸೂಜಿ ಮುಂದೆ ಸಾವಿರ ಸಲ ನೆನೆಸಿಕೊಂಡಿದ್ದಾನೆ. ಕೂಗುವಾಗ ಮೇಸ್ತ್ರಿ ಬದುಕಿದ್ದ ಎಂದೇ ಅದರ ಅರ್ಥ. ಬದುಕಿದ್ದವನು ಮೈಲು ದೂರದಿಂದ ಹೇಗೆ ಕೂಗಿದ ಎಂದು ಯೋಚಿಸಿದರೆ ಮೈ ತಣ್ಣಗಾಗುತ್ತಿತ್ತು.

ಗಿರಣಿಯಲ್ಲಿ ಹಬೆ ತುಂಬಿ ಬಾಯ್ಲರ್ ಮನೆಯೊಳಗೆ ಎರಡು ಗಂಟೆ ಯಾರೂ ಕಾಲಿಡಲಾಗಲಿಲ್ಲ. ಮ್ಯಾನೇಜರ್ ಮೈದಾನದಲ್ಲಿದ್ದ. ಟೈಂ ಆಫೀಸಿನಲ್ಲಿ ಕೂತಿದ್ದವನು ಕೆಲಸಕ್ಕೆ ಸೇರಿ ವಾರವಾಗಿದ್ದ ಹೊಸಬ, ಕಾರ್ಡು ಬದಲಿಸುವ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಕಾರ್ಡು ನೋಡಿದ, ವಿಳಾಸ ಬರೆದುಕೊಂಡ, ಸೈಕಲ್ ಹತ್ತಿ ನೇರ ಸೂಜಿಯ ಮನೆಗೆ ಹೋಗಿ ಅವನ ಅಮ್ಮನಿಗೆ ಸುದ್ದಿ ಮುಟ್ಟಿಸಿದ.

ಸೂಜಿ ಗೆದ್ದ ಖುಷಿಯಲ್ಲಿ ಬೂಟುಗಳನ್ನು ಹೆಗಲಿಗೆ ತೂಗುಹಾಕಿಕೊಂಡು ಓಣಿಗೆ ತಿರುಗಿದಾಗ ಅವನ ಮನೆ ಮುಂದೆ ಜನ ನೆರೆದಿದ್ದರು. ಒಬ್ಬ ಮುದುಕ ಅವನನ್ನು ನೋಡಿ ದಾರಿ ಬಿಟ್ಟು ಗೋಡೆಗೆ ಅಂಟಿ ನಿಂತ. ಒಳಗೆ ಅಮ್ಮ ನೆಲದ ಮೇಲೆ ಕೂತಿದ್ದಳು. ಅವಳ ಕೈ ಹಿಡಿದು ಪಕ್ಕದಲ್ಲಿ ಕೂತಿದ್ದವಳು ಮೇಸ್ತ್ರಿಯ ಹೆಂಡತಿ. ತಂಡದವರೆಲ್ಲ ಅವಳನ್ನು ಅತ್ತಿಗೆ ಎನ್ನುತ್ತಿದ್ದರು. ಹುಡುಗ ಹೋದನಂತೆ ಎಂದಷ್ಟೇ ಕೇಳಿ, ಎಲ್ಲಿ ಹೇಗೆ ಎಂದು ವಿಚಾರಿಸದೆ, ತಾಯಿಯನ್ನು ಸಮಾಧಾನ ಮಾಡಲು ಎರಡು ಓಣಿ ದಾಟಿ ಓಡಿ ಬಂದಿದ್ದಳು. ಬಾಗಿಲಲ್ಲಿ ನಿಂತ ಸೂಜಿಯನ್ನು ಅಮ್ಮ ನೋಡಿದಳು, ಅತ್ತಿಗೆ ನೋಡಿದಳು. ಅಮ್ಮ ಕಿರುಚಿಕೊಂಡು ಎದ್ದು ಬಂದು ಮಗನ ಮುಖ ಸವರಿದಳು. ಅತ್ತಿಗೆ ಏಳಲಿಲ್ಲ. ಅವಳ ತುಟಿ ಮಾತ್ರ ಆಡುತ್ತಿತ್ತು. ಅವನು ಇಲ್ಲಿದ್ದರೆ ಅಲ್ಲಿ ಯಾರಿದ್ದರು ಎಂದು ಲೆಕ್ಕ ಹಾಕುತ್ತಿದ್ದಳು. ಲೆಕ್ಕ ಮುಗಿದದ್ದು ಅವಳ ಮುಖದಲ್ಲಿ ಕಾಣಿಸಿತು. ಆ ಮುಖ ಸೂಜಿಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಗಿರಣಿಯವರು ಅತ್ತಿಗೆಗೆ ಕ್ರೀಡಾ ವಿಭಾಗದಲ್ಲಿ ಕೆಲಸ ಕೊಟ್ಟರು. ಮೈದಾನದ ಮೂಲೆಯ ಒಗೆಯುವ ಕೋಣೆ. ಎರಡು ಕಲ್ಲು, ಒಂದು ತೊಟ್ಟಿ, ಹೊರಗೆ ಉದ್ದಕ್ಕೂ ತಂತಿ. ಪಂದ್ಯ ಮುಗಿದ ಮೇಲೆ ಹನ್ನೊಂದು ಅಂಗಿ ಒಗೆದು ಒಣಹಾಕುವುದು. ಸೂಜಿಯ ಮೇಲೆ ಅವಳು ಒಂದು ಮಾತು ಎತ್ತಲಿಲ್ಲ, ಅವನ ಕಡೆ ಕಣ್ಣು ಕೆಂಪು ಮಾಡಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ, ಅವಳ ಎದುರು ಬಂದಾಗಲೆಲ್ಲ ಅವನ ಕಣ್ಣು ತಾನೇ ನೆಲ ನೋಡುತ್ತಿತ್ತು.

ದನಿ ನಿಲ್ಲಲಿಲ್ಲ. ಪ್ರತಿ ಪಂದ್ಯದಲ್ಲೂ ವಿರಾಮ ಮುಗಿದ ಮೇಲೆ ಬರುತ್ತಿತ್ತು. ಹಿಂದೆ ಬಂದ. ತಿರುಗು. ಬಿಡು. ಒಂದೇ ಹೆಜ್ಜೆ ಹಿಂದಿನಿಂದ, ಬಿಸಿ ಅನ್ನದ ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಬಡಿಯುವಂಥ ಹಬೆಯ ಜೊತೆ. ಮೊದಲ ವರ್ಷ ಸೂಜಿ ಕಿವಿಗೆ ಹತ್ತಿ ತುರುಕಿಕೊಂಡು ಆಡಿ ನೋಡಿದ. ರೆಫರಿಯ ಸೀಟಿ ಕೇಳಿಸದೆ ಬೈಸಿಕೊಂಡ, ಮೇಸ್ತ್ರಿ ಮಾತ್ರ ಸ್ಪಷ್ಟವಾಗಿ ಕೇಳಿಸಿದ. ದನಿ ಹೇಳಿದ್ದು ಒಂದು ಸಲವೂ ಸುಳ್ಳಾಗಲಿಲ್ಲ. ಸೂಜಿ ಹಿಂದಿರುಗಿ ನೋಡುವ ಧೈರ್ಯವನ್ನೂ ಮಾಡಲಿಲ್ಲ. ಯಾರಿಗಾದರೂ ಹೇಳೋಣವೆಂದರೆ ಹುಚ್ಚ ಎನ್ನುತ್ತಾರೆ, ಹೇಳದೆ ಇರೋಣವೆಂದರೆ ಎದೆ ತಡೆಯುವುದಿಲ್ಲ. ಬಿಸಿ ತುಪ್ಪ ಬಾಯಿಗಿಟ್ಟುಕೊಂಡವನ ಪಾಡು.

ಊರಿನ ಕಣ್ಣಿಗೆ ಅವನು ಎರಡನೇ ಅರ್ಧದ ರಾಜ. ಮೊದಲರ್ಧ ಸಾಧಾರಣ, ವಿರಾಮದ ಮೇಲೆ ಬೆನ್ನಿಗೂ ಕಣ್ಣಿದ್ದವನ ಆಟ. ಒಮ್ಮೆ ದೊಡ್ಡ ಕ್ಲಬ್ಬಿನವರು ಪರೀಕ್ಷೆಗೆ ಕರೆದರು. ಅಲ್ಲಿ ಆಡಿಸಿದ್ದು ಅರ್ಧ ಗಂಟೆ, ವಿರಾಮವೇ ಇಲ್ಲ. ದನಿ ಬರಲಿಲ್ಲ. ಮೂರು ಸಲ ಚೆಂಡು ಕಳೆದುಕೊಂಡ, ಕಾಗದ ಬರೆಯುತ್ತೇವೆ ಎಂದು ಕಳಿಸಿಬಿಟ್ಟರು. ಬಸ್ಸಿನಲ್ಲಿ ವಾಪಸು ಬರುವಾಗ ಅವನಿಗೆ ಮೊದಲ ಸಲ ಅಳು ಬಂತು. ಕ್ಲಬ್ಬು ಕೈತಪ್ಪಿತೆಂದಲ್ಲ, ತನ್ನ ಕಾಲಿನಲ್ಲಿರುವುದು ತನ್ನ ಆಟವೇ ಅಲ್ಲವೇನೋ ಎಂದು.

ಮದುವೆಯಾಯಿತು. ಹೆಂಡತಿ ಹೊಲಿಗೆ ಅಂಗಡಿ ಇಟ್ಟಿದ್ದಳು, ಚುರುಕು ನಾಲಿಗೆಯವಳು. "ಮೈದಾನದಲ್ಲಿ ಹಿಂದೆ ಬೆಕ್ಕು ನಡೆದ್ರೂ ಕೇಳುತ್ತಂತೆ. ಅಡುಗೆ ಮನೆಯಿಂದ ನಾನು ಹತ್ತು ಸಲ ಕೂಗಿದ್ರೂ ಕೇಳಲ್ಲ," ಎಂದು ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು. ಅವನೂ ನಗುತ್ತಿದ್ದ. ಮೇಸ್ತ್ರಿ ನನ್ನ ಹಿಂದೆ ಯಾಕೆ ಬರುತ್ತಾನೆ ಎನ್ನುವ ಪ್ರಶ್ನೆ ಮಾತ್ರ ಅವನನ್ನು ಒಳಗೇ ಕೊರೆಯುತ್ತಿತ್ತು. ಕ್ಷಮಿಸಿ ಬರುತ್ತಾನೋ, ಸೇಡಿಗೆ ಕಾಯುತ್ತಿದ್ದಾನೋ?

ಮೂವತ್ತೆಂಟಕ್ಕೆ ಮೊಣಕಾಲು ಕೈಕೊಟ್ಟಿತು. ಮ್ಯಾನೇಜರ್ ಈಗ ತಲೆ ನೆರೆತ ಮುದುಕ. ಬೀಳ್ಕೊಡುಗೆ ಎಂದು ಸೀಸನ್ನಿನ ಕೊನೆಯ ಪಂದ್ಯದಲ್ಲಿ ಕೊನೆಯ ಇಪ್ಪತ್ತು ನಿಮಿಷ ಆಡಿಸುವುದೆಂದು ಹೇಳಿದ. ಹಿಂದಿನ ದಿನ ಅಂಗಿ ತರಲು ಸೂಜಿ ಒಗೆಯುವ ಕೋಣೆಗೆ ಹೋದ. ಅತ್ತಿಗೆ ಎಂಟನೇ ನಂಬರಿನ ಅಂಗಿಯನ್ನು ತೊಡೆಯ ಮೇಲೆ ಹರವಿಕೊಂಡು ಕೂತಿದ್ದಳು. ಕೊಡಲಿಲ್ಲ.

"ಇಷ್ಟು ವರ್ಷ ಒಗ್ದಿದೀನಿ, ಕೇಳ್ಬೇಕು ಅನ್ಕೊಂಡೂ ಕೇಳಿಲ್ಲ," ಎಂದಳು. "ಉಳಿದ ಹತ್ತು ಜನದ ಅಂಗಿ ಹಿಂಡಿದ್ರೆ ಬೆನ್ನಿಂದ ಬೆವರು ಇಳಿಯುತ್ತೆ. ನಿಂದು ಬೆನ್ನು ಮಾತ್ರ ಒಣಗಿರುತ್ತೆ. ಆಗಷ್ಟೇ ಇಸ್ತ್ರಿ ಮಾಡಿದ ಹಾಗೆ ಬೆಚ್ಚಗಿರುತ್ತೆ. ಯಾರು ನಿಂತಿರ್ತಾರೆ ನಿನ್ನ ಹಿಂದೆ?"

"ಬಿಸಿಲು ಅತ್ತಿಗೆ."

"ಮಳೇಲಿ ಆಡಿದ ದಿನಾನೂ?"

ಸೂಜಿ ಎದುರಿಗಿದ್ದ ಒಗೆಯುವ ಕಲ್ಲಿನ ಮೇಲೆ ಕೂತ. ಎಲ್ಲವನ್ನೂ ಹೇಳಿದ, ದನಿ, ಹಬೆ, ಹತ್ತಿ, ದೊಡ್ಡ ಕ್ಲಬ್ಬು. ಅತ್ತಿಗೆ ಅಳಲಿಲ್ಲ, ನಂಬುವುದಿಲ್ಲ ಎನ್ನಲೂ ಇಲ್ಲ.

"ಏನೇನ್ ಅಂತಾರೆ?"

"ಹಿಂದೆ ಬಂದ ಅಂತಾರೆ. ತಿರುಗು ಅಂತಾರೆ. ಬಿಡು ಅಂತಾರೆ. ಅಷ್ಟೇ."

"ನನ್ನ ಬಗ್ಗೆ?"

"ಇಲ್ಲ ಅತ್ತಿಗೆ."

ಅವಳು ಅಂಗಿಯ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಹೇಳಿದಳು. "ಆವತ್ತು ಬೆಳಿಗ್ಗೆ ಅವರು ಕೆಲಸಕ್ಕೆ ಹೋಗಲ್ಲ ಅಂದಿದ್ರು. ರಜಾ ಹಾಕಿ ನಿನ್ನ ಆಟ ನೋಡ್ತೀನಿ ಅಂದ್ರು. ನಾನೇ ಬಾಯಿಗೆ ಬಂದ ಹಾಗೆ ಅಂದೆ. ತಂಡದಿಂದ ತೆಗೆದ್ರು ಅಂತ ಮೂತಿ ಊದಿಸ್ಕೊಂಡು ಮನೇಲಿ ಬಿದ್ಕೋಬೇಡಿ, ಹೋಗಿ ಆ ಹುಡುಗನ ಪಾಳಿ ಮಾಡಿ ಅಂದೆ. ತಟ್ಟೆ ಸರಿಸಿ ಎದ್ದು ಹೋದ್ರು. ಹೊಸ್ತಿಲು ದಾಟಿದೋರು ತಿರುಗಿ ನೋಡ್ಲಿಲ್ಲ." ಅಂಚನ್ನು ಬಿಟ್ಟು ಸೂಜಿಯ ಕಡೆ ನೋಡಿದಳು. "ನಾಳೆ ಆದ್ಮೇಲೆ ಇನ್ನು ಸಿಗಲ್ಲ ಅವರು. ಒಂದೇ ಒಂದು ಮಾತು ಕೇಳ್ಕೊಂಡು ಬಾ. ನನ್ನ ಮೇಲೆ ಸಿಟ್ಟಿದೆಯಾ ಅಂತ. ಇದೆ ಅಂದ್ರೆ ಇದೆ ಅಂತಾನೇ ಹೇಳು. ನನ್ನ ಸಮಾಧಾನಕ್ಕೆ ಏನೂ ಸೇರಿಸ್ಬೇಡ."

ಆ ಹೆಂಗಸು ಇಷ್ಟು ವರ್ಷ ತನ್ನನ್ನು ದ್ವೇಷಿಸುತ್ತಿದ್ದಾಳೆ ಎಂದುಕೊಂಡಿದ್ದವನಿಗೆ, ಅವಳು ದ್ವೇಷಿಸುತ್ತಿದ್ದದ್ದು ತನ್ನನ್ನು ತಾನೇ ಎಂದು ಈಗ ತಿಳಿಯಿತು. ಆಗಲಿ ಎಂದು ತಲೆಯಾಡಿಸಿದ. ಅವಳು ಅಂಗಿ ಮಡಚಿ ಕೊಟ್ಟಳು.

ಮರುದಿನ ಎಪ್ಪತ್ತನೇ ನಿಮಿಷಕ್ಕೆ ಅವನನ್ನು ಮೈದಾನಕ್ಕೆ ಇಳಿಸಿದರು. ಎರಡೂ ಕಡೆ ಗೋಲಿಲ್ಲ. ಜನ ಎದ್ದು ಚಪ್ಪಾಳೆ ತಟ್ಟಿದರು. ಸುಣ್ಣದ ಗೆರೆ ದಾಟಿದ ಕೂಡಲೇ ಬೆನ್ನಿಗೆ ಹಬೆ ತಾಗಿತು. ಹಿಂದೆ ಬಂದ, ಎಂದಿತು ದನಿ. ಚೆಂಡು ಕೊಟ್ಟ. ತಿರುಗು. ತಿರುಗಿದ. ಹೀಗೇ ಹದಿನೈದು ನಿಮಿಷ ಆಡಿದ, ಪ್ರಶ್ನೆ ಕೇಳಿರಲಿಲ್ಲ. ಆಡುತ್ತ ಕೇಳಿದರೆ ಉತ್ತರ ಕೇಳಿಸಿಕೊಳ್ಳಲು ಆಗುವುದಿಲ್ಲ ಎಂದು ಹೊಳೆಯಿತು. ನಡುವೃತ್ತದ ಹತ್ತಿರ ಚೆಂಡು ಬಂದಾಗ ಅದನ್ನು ಅಂಗಾಲಿನ ಕೆಳಗೆ ಒತ್ತಿ ನಿಂತುಬಿಟ್ಟ. ಎದುರಾಳಿಗಳು ಇದೇನೋ ಹೊಸ ಉಪಾಯ ಎಂದುಕೊಂಡು ಹತ್ತಿರ ಬರದೆ ತಡೆದರು.

"ಮೇಸ್ತ್ರಿ, ಅತ್ತಿಗೆ ಕೇಳ್ತಿದಾರೆ. ಆವತ್ತು ಬೆಳಿಗ್ಗೆ ಸಿಟ್ಟು ಮಾಡ್ಕೊಂಡು ಹೋದ್ರಲ್ಲ. ಇನ್ನೂ ಇದೆಯಾ?"

ಹಬೆ ಕುತ್ತಿಗೆಯವರೆಗೆ ಬಂತು. "ಯಾವ ಅತ್ತಿಗೆ?"

"ನಿಮ್ಮ ಹೆಂಡತಿ."

"ಯಾವ ಹೆಂಡತಿ? ಹಿಂದೆ ಬಂದ. ಬಾಲ್ ಬಿಡು."

ಆ ದನಿಯಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಕೈತುಂಬ ಕೆಲಸವಿರುವವನನ್ನು ಬೀದಿಯಲ್ಲಿ ತಡೆದು ಯಾರದೋ ಮನೆ ವಿಳಾಸ ಕೇಳಿದರೆ ಹೇಗೆ ಉತ್ತರ ಕೊಡುತ್ತಾನೋ ಹಾಗಿತ್ತು. ಅತ್ತಿಗೆಗೆಂದು ಬಂದವನು ತನ್ನದನ್ನೂ ಕೇಳಿಬಿಟ್ಟ. "ಮೇಸ್ತ್ರಿ, ನಾನು ಯಾರು ಗೊತ್ತಾ?"

"ಎಂಟನೇ ನಂಬರು."

ಸೂಜಿ ಆಗ ಹಿಂದಿರುಗಿ ನೋಡಿದ. ಹುಲ್ಲು ಇತ್ತು, ಅಷ್ಟೇ. ಯಾರೋ ಬಂದು ಅವನ ಹಿಮ್ಮಡಿಗೆ ಕಾಲು ಹಾಕಿದರು, ಅವನು ಬಿದ್ದ, ಚೆಂಡು ಹೋಯಿತು, ಗೋಲಾಯಿತು. ಹದಿನೆಂಟು ವರ್ಷ ಹೊಗಳಿದ ಬಾಯಿಗಳೇ ಮುದಿಯ ಎಂದು ಕೂಗಿದವು. ಒಂದು ಗೋಲಿನಿಂದ ಪಂದ್ಯ ಸೋತರು. ಮ್ಯಾನೇಜರ್ ತಂದಿದ್ದ ಹಾರ ಕಾಗದದ ಪೊಟ್ಟಣದಲ್ಲೇ ಉಳಿಯಿತು.

ಎಲ್ಲರೂ ಹೋಗುವವರೆಗೆ ಸೂಜಿ ಮೆಟ್ಟಿಲ ಮೇಲೆ ಕೂತಿದ್ದ. ಸಿಟ್ಟೇನೂ ಇಲ್ಲವಂತೆ ಎಂದು ಹೇಳಿದರಾಯಿತು ಎಂದು ಹತ್ತು ಸಲ ಮನಸ್ಸಿನಲ್ಲೇ ಹೇಳಿ ನೋಡಿಕೊಂಡ. ಸಣ್ಣ ಸುಳ್ಳು, ಆದರೆ ಆ ಜೀವ ನೆಮ್ಮದಿಯಿಂದ ಮಲಗೀತು. ಕುಂಟುತ್ತ ಒಗೆಯುವ ಕೋಣೆಗೆ ಹೋದ. ಉಳಿದವರ ಅಂಗಿಗಳು ಆಗಲೇ ನೀರಿನಲ್ಲಿ ನೆನೆಯುತ್ತಿದ್ದವು. ಅತ್ತಿಗೆ ಕೈ ಒರೆಸಿಕೊಂಡು ನಿಂತಿದ್ದಳು.

"ಏನಂದ್ರು?"

ಅವಳ ಮುಖ ನೋಡಿದ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ. "ಯಾವ ಹೆಂಡತಿ ಅಂದ್ರು ಅತ್ತಿಗೆ. ನಾನು ಯಾರು ಅಂತಾನೂ ಗೊತ್ತಿಲ್ಲ. ಎಂಟನೇ ನಂಬರು ಅಂದ್ರು. ಆಟ ಒಂದೇ ಉಳಿದಿರೋದು. ಬೇರೆ ಯಾವುದೂ ನೆನಪಿಲ್ಲ."

ಅತ್ತಿಗೆ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಮೆಲ್ಲಗೆ ಕೂತಳು. ಹೇಳಬಾರದಿತ್ತು ಎಂದು ಸೂಜಿ ನಾಲಿಗೆ ಕಚ್ಚಿಕೊಂಡ.

"ನಾನೇ ನೆನಪಿಲ್ಲ ಅಂದ್ರೆ," ಎಂದಳು, "ಆ ಬೆಳಿಗ್ಗೆನೂ ನೆನಪಿಲ್ಲ." ಇನ್ನೊಮ್ಮೆ ಹೇಳಿದಳು, ಬೆರಳು ಮಡಚಿ ಎಣಿಸುವವಳ ಹಾಗೆ. "ನಾನು ಅಂದಿದ್ದು ನೆನಪಿಲ್ಲ. ತಟ್ಟೆ ಸರಿಸಿದ್ದು ನೆನಪಿಲ್ಲ. ಹಬೆ ಬಂದಿದ್ದೂ ನೆನಪಿಲ್ಲ. ನಾನೊಬ್ಬಳೇ ಇಬ್ಬರದ್ದೂ ಹೊತ್ಕೊಂಡು ಕೂತಿದ್ದೆ." ಅವಳಿಗೆ ನಗು ಬಂತು, ನಗುತ್ತಲೇ ಕಣ್ಣಿಂದ ನೀರು ಇಳಿಯಿತು. ಮೇಸ್ತ್ರಿ ಸತ್ತ ದಿನವೂ ಅವಳು ಹೀಗೆ ಅತ್ತದ್ದನ್ನು ಯಾರೂ ಕಂಡಿರಲಿಲ್ಲ. "ನೀನೂ ಇಳಿಸ್ಬಿಡು ಮಾರಾಯ. ನನ್ನನ್ನೇ ಮರೆತೋರು ನಿನ್ನ ಮೇಲೆ ಹಗೆ ಇಟ್ಕೋತಾರಾ?"

ಸೂಜಿ ಗೋಡೆಗೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಹಗುರವಾಯಿತು ಎನ್ನಬೇಕು, ಆದರೆ ಏನೋ ಕಳೆದುಕೊಂಡ ಹಾಗಿತ್ತು. ಶಪಿಸಲಿಕ್ಕಾದರೂ ಸರಿ, ಇಷ್ಟು ವರ್ಷ ಹಿಂದೆ ನಿಂತಿದ್ದವನು ತನಗಾಗಿಯೇ ನಿಂತಿದ್ದಾನೆ ಎಂದುಕೊಂಡಿದ್ದ.

"ಬಿಚ್ಚು ಅಂಗಿ," ಎಂದಳು ಅತ್ತಿಗೆ. ಅವನು ಬಿಚ್ಚಿ ಕೊಟ್ಟು ತನ್ನ ಷರ್ಟು ಹಾಕಿಕೊಂಡ. ಅವಳು ಬೆನ್ನಿನ ಭಾಗವನ್ನು ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಅದನ್ನು ತೊಟ್ಟಿಗೆ ಹಾಕಲಿಲ್ಲ. ತಾನು ಉಟ್ಟ ಬಟ್ಟೆಯ ಮೇಲೆಯೇ ತಲೆಯ ಮೂಲಕ ಇಳಿಸಿ ಹಾಕಿಕೊಂಡಳು. ಅಂಗಿ ಅವಳಿಗೆ ದೊಡ್ಡದು, ತೋಳು ಮೊಣಕೈ ದಾಟಿತು.

"ಅತ್ತಿಗೆ, ಪಂದ್ಯ ಮುಗೀತು."

"ಅದನ್ನ ಅವರಿಗೆ ಯಾರು ಹೇಳಿದಾರೆ?"

ಬಿಸಿಲು ಇನ್ನೂ ಪೂರ್ತಿ ಇಳಿದಿರಲಿಲ್ಲ. ಐವತ್ತು ದಾಟಿದ ಹೆಂಗಸು ಒದ್ದೆ ಕಾಲಿನಲ್ಲಿ ಖಾಲಿ ಮೈದಾನಕ್ಕೆ ಇಳಿದು, ನಡುವೃತ್ತದವರೆಗೆ ನಡೆದು, ಇತ್ತ ಮುಖ ಮಾಡಿ ನಿಂತಳು. ಜನ್ಮದಲ್ಲಿ ಚೆಂಡಿಗೆ ಕಾಲು ತಾಗಿಸಿದವಳಲ್ಲ, ಎಲ್ಲಿ ನಿಲ್ಲಬೇಕು, ಹೇಗೆ ನಿಲ್ಲಬೇಕು ಒಂದೂ ಗೊತ್ತಿಲ್ಲ. ಸೂಜಿ ಬಾಗಿಲ ಚೌಕಟ್ಟು ಹಿಡಿದು ನೋಡುತ್ತಿದ್ದ. ಏನೂ ಆಗಲಿಲ್ಲ. ಅವಳು ಹಾಗೇ ನಿಂತಿದ್ದಳು. ಹೋಗಿ ಕರೆದುಕೊಂಡು ಬರೋಣ ಎಂದು ಅವನು ಒಂದು ಮೆಟ್ಟಿಲು ಇಳಿದ.

ಆಗ ಅತ್ತಿಗೆಯ ಕತ್ತು, ಬೆನ್ನ ಹಿಂದೆ ಏನೋ ಕೇಳಿಸಿಕೊಂಡವಳ ಹಾಗೆ, ಒಂದಿಷ್ಟು ಓರೆಯಾಯಿತು. ಮರುಕ್ಷಣ ಅವಳು ಎಡಗಾಲನ್ನು ಊರಿ, ಭುಜ ತಗ್ಗಿಸಿ, ಹಿಂದಿನಿಂದ ಬಂದವನಿಗೆ ಸಿಗದ ಹಾಗೆ ಪಕ್ಕಕ್ಕೆ ಸರಿದಳು. ತಿರುಗಿದಳು. ಇನ್ನೊಮ್ಮೆ ತಿರುಗಿದಳು. ಸೂಜಿ ಮೆಟ್ಟಿಲ ಮೇಲೆ ಕೂತ, ಕರೆಯಲಿಲ್ಲ.